ಡೆನ್ವರ್‌ನಲ್ಲಿ ಅಮ್ಮಂದಿರ ಗುಂಪೊಂದು ಅಣಬೆ ಕ್ಯಾಪ್ಸೂಲ್ ತಗೋತಿದೆ, ನನಗೂ ಒಂದು ಬಾಟ್ಲಿ ಕೊಟ್ಟಿದಾರೆ. ಏನ್ ಮಾಡ್ಲಿ?

ಹಿಮದೂರಿನ_ಅಮ್ಮ
ಎಲ್ಲರಿಗೂ ನಮಸ್ಕಾರ. ಹೆಸರು ಹೇಳಲ್ಲ, ದಯವಿಟ್ಟು ಕೇಳ್ಬೇಡಿ, ಇಲ್ಲಿನ ಕನ್ನಡ ಸಂಘದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನಾವಿರೋದು ಕೊಲರಾಡೋದಲ್ಲಿ, ಡೆನ್ವರ್ ಹತ್ರ. ದೊಡ್ಡವನಿಗೆ ನಾಲ್ಕು ವರ್ಷ, ಪಾಪುಗೆ ಒಂಬತ್ತು ತಿಂಗಳು. ಅಮ್ಮ ಬಾಣಂತನಕ್ಕೆ ಬಂದಿದ್ರು, ವಿಸಿಟರ್ ವೀಸಾ ಅಲ್ವಾ, ಆರು ತಿಂಗಳು ಮುಗೀತಿದ್ದ ಹಾಗೆ ವಾಪಸ್ ಹೋದ್ರು. ಅವರನ್ನ ಏರ್‌ಪೋರ್ಟಲ್ಲಿ ಬಿಟ್ಟು ಬಂದ ದಿನದಿಂದ ನಾನು ನಾನಾಗಿಲ್ಲ. ನಿದ್ದೆ ಇಲ್ಲ ಅನ್ನೋದು ಒಂದು, ಆದ್ರೆ ಪಾಪು ಮಲಗಿದಾಗಲೂ ನಿದ್ದೆ ಬರಲ್ಲ, ಅದು ಇನ್ನೊಂದು. ಕಾರನ್ನ ಗರಾಜ್ ಒಳಗೆ ತಂದು ಎಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಸುಮ್ನೆ ಕೂತಿರ್ತೀನಿ, ಮನೆ ಒಳಗೆ ಹೋಗೋಕೆ ಕಾಲೇ ಬರಲ್ಲ.

ದೊಡ್ಡವನ ಸ್ವಿಮ್ಮಿಂಗ್ ಕ್ಲಾಸಲ್ಲಿ ಒಬ್ಬಳು ಪರಿಚಯ ಆಗಿದಾಳೆ, ಅಮೆರಿಕನ್, ಮೂರು ಮಕ್ಕಳ ತಾಯಿ, ತುಂಬ ಒಳ್ಳೇ ಹುಡುಗಿ. ಕಳೆದ ವಾರ ನಾನು ಪಾರ್ಕಿಂಗಲ್ಲಿ ಅಳ್ತಾ ಕೂತಿದ್ದು ನೋಡಿ ಬಂದು ಪಕ್ಕದ ಸೀಟಲ್ಲಿ ಕೂತ್ಕೊಂಡ್ಲು. ಏನೂ ಕೇಳ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಬ್ಯಾಗಿಂದ ಒಂದು ಸಣ್ಣ ಗಾಜಿನ ಬಾಟ್ಲಿ ತೆಗೆದು ಕೈಗಿಟ್ಲು. ಒಳಗೆ ಹನ್ನೆರಡು ಕ್ಯಾಪ್ಸೂಲ್, ಕಂದು ಬಣ್ಣದ ಪುಡಿ, ನಮ್ಮ ಸೀಗೆಪುಡಿ ಥರಾನೇ ಇದೆ. ಅವಳು ಮನೇಲೇ ಬೆಳೆದಿರೋ ಮ್ಯಾಜಿಕ್ ಮಶ್ರೂಮ್ ಅಂತೆ. ಮೈಕ್ರೋಡೋಸ್, ಅಂದ್ರೆ ನಶೆ ಏರದಷ್ಟು ಸಣ್ಣ ಪ್ರಮಾಣ, ಒಂದಿನ ತಗೊಂಡು ಎರಡು ದಿನ ಬಿಡೋದು. ಅವಳ ಗುಂಪಲ್ಲಿ ಏಳೆಂಟು ಜನ ಅಮ್ಮಂದಿರು ಹೀಗೆ ಮಾಡ್ತಿದಾರಂತೆ, "ಮಕ್ಕಳ ಮೇಲೆ ಕೂಗಾಡೋದು ನಿಂತೋಯ್ತು" ಅಂದ್ಲು. ಆ ಮಾತು ನನಗೆ ಚುಚ್ಚಿಬಿಡ್ತು, ಯಾಕಂದ್ರೆ ಹಿಂದಿನ ದಿನ ನಾನು ದೊಡ್ಡವನ ಮೇಲೆ ಹೇಗೆ ಕೂಗಿದ್ದೆ ಅಂದ್ರೆ ಅವನು ಕಿವಿ ಮುಚ್ಕೊಂಡು ಸೋಫಾ ಹಿಂದೆ ಹೋಗಿ ಕೂತಿದ್ದ.

ಬಾಟ್ಲಿ ಈಗ ಸಾಸಿವೆ ಡಬ್ಬಿ ಹಿಂದೆ ಇದೆ. ಇನ್ನೂ ತಗೊಂಡಿಲ್ಲ. ಯಜಮಾನ್ರಿಗೂ ಹೇಳಿಲ್ಲ. ಗೊತ್ತಿರೋರು ಹೇಳಿ, ಬೈಬೇಡಿ.

ಎರಡ್_ಜಡೆ
ಮೊದ್ಲು ಇದು ಹೇಳಿ ಅಕ್ಕ, ಪಾಪುಗೆ ಹಾಲು ಕುಡಿಸ್ತಿದೀರಾ?

ಹಿಮದೂರಿನ_ಅಮ್ಮ
ಹೂಂ, ರಾತ್ರಿ ಎರಡು ಸಲ, ಬೆಳಗ್ಗೆ ಒಂದು ಸಲ.

ಎರಡ್_ಜಡೆ
ಹಂಗಾದ್ರೆ ಮುಟ್ಟಲೇಬೇಡಿ. ಬಾಕಿ ಚರ್ಚೆ ಆಮೇಲೆ.

ಜಯನಗರ_4ನೇ_ಬ್ಲಾಕ್
ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ಡ್ರಗ್ಸ್ ಅಂದ್ರೆ ಡ್ರಗ್ಸ್. ಇಲ್ಲಿ ಹುಡುಗರು ತಗೊಂಡ್ರೆ ಎನ್‌ಡಿಪಿಎಸ್ ಅಂತ ಡ್ರಗ್ಸ್ ಕಾಯ್ದೆ ಹಾಕಿ ಒಳಗೆ ತಳ್ತಾರೆ, ಅಲ್ಲಿ ಅಮ್ಮಂದಿರು ತಗೊಂಡ್ರೆ ಸೆಲ್ಫ್ ಕೇರ್ ಅಂತ ಹೆಸರು. ನಮ್ಮಮ್ಮ ನಾಲ್ಕು ಮಕ್ಕಳನ್ನ ಸಾಕಿದ್ರು, ಯಾವ ಕ್ಯಾಪ್ಸೂಲೂ ಬೇಕಾಗ್ಲಿಲ್ಲ.

ಹುಬ್ಬಳ್ಯಾಕಿ
@ಜಯನಗರ ಅಣ್ಣಾರ, ನಿಮ್ಮವ್ವ ನಾಲ್ಕು ಮಕ್ಕಳನ್ನ ಒಬ್ಬಾಕಿನ ಸಾಕಿದ್ಲೇನು? ಅತ್ತಿ ಇದ್ಲು, ನೆಗೆಣ್ಣಿ ಇದ್ಲು, ಬಾಜೂ ಮನಿಯಾಕಿ ಇದ್ಲು, ಕೂಸು ಅತ್ತರ ಎತ್ತಿಕೊಳ್ಳಾಕ ಹತ್ತು ಕೈ ಇದ್ದುವು. ಇಲ್ಲಿ ಈಕಿಗೆ ಎಷ್ಟು ಕೈ ಅದಾವ? ಎರಡು. ಒಂದ್ ಕೈಯಾಗ ಕೂಸು, ಒಂದ್ ಕೈಯಾಗ ಸೌಟು. ಅದನ್ನ ಮೊದ್ಲ ತಿಳ್ಕೊಂಡು ಆಮ್ಯಾಲೆ ಮಾತಾಡ್ರಿ.

ತಂಗಿ, ನೀ ಅಳಬ್ಯಾಡ. ಬರದಿದ್ದು ಛಲೋ ಆತು.

ಒರೆಗಾನ್_ಒಗ್ಗರಣೆ
ನಾನು ಪೋರ್ಟ್‌ಲ್ಯಾಂಡಲ್ಲಿದೀನಿ, ನಾನು ಇದನ್ನ ಒಂದು ಸಲ ಮಾಡಿದೀನಿ, ಕಾನೂನು ಪ್ರಕಾರವೇ. ಬೈಯೋರು ಬೈರಿ, ಆದ್ರೆ ಪೂರ್ತಿ ಓದಿ ಬೈರಿ.

ಒರೆಗಾನ್‌ನಲ್ಲಿ 2020ರ ನವೆಂಬರ್‌ನಲ್ಲಿ ಜನ ವೋಟ್ ಹಾಕಿ ಈ ಅಣಬೆಗೆ ದಾರಿ ಮಾಡೋ ಕಾನೂನು, ಮೆಷರ್ 109, ಪಾಸ್ ಮಾಡಿದ್ರು, 2023ರಿಂದ ಲೈಸೆನ್ಸ್ ಇರೋ ಸೆಂಟರ್‌ಗಳು ಶುರುವಾದ್ವು. 21 ವರ್ಷ ಆಗಿರ್ಬೇಕು, ಡಾಕ್ಟರ್ ಚೀಟಿ ಬೇಕಿಲ್ಲ, ಆದ್ರೆ ಮನೆಗೆ ಕಟ್ಟಿ ಕೊಡಲ್ಲ, ಅಲ್ಲೇ ಕೂತು ಅಲ್ಲೇ ತಗೋಬೇಕು. ಮೊದ್ಲು ಒಂದು ದಿನ ಕೂರಿಸಿ ಕೇಳ್ತಾರೆ, ಲಿಥಿಯಂ ಮಾತ್ರೆ ತಗೋತಿದೀರಾ, ಯಾವಾಗಾದ್ರೂ ಸೈಕೋಸಿಸ್, ಅಂದ್ರೆ ಇಲ್ಲದ್ದು ಕಾಣೋದು ಕೇಳೋದು, ಆಗಿತ್ತಾ, ಯಾರಿಗಾದ್ರೂ ಅಥವಾ ನಿಮಗೇ ಏನಾದ್ರೂ ಮಾಡ್ಕೋಬೇಕು ಅನ್ಸುತ್ತಾ. ಇದ್ರೆ ವಾಪಸ್ ಕಳಿಸ್ತಾರೆ.

ನಾನು ಹೋಗಿದ್ದು ಅಪ್ಪನ ವಿಷಯಕ್ಕೆ. 2021ರ ಮೇ ತಿಂಗಳಲ್ಲಿ ಅಪ್ಪ ಹೋದ್ರು, ಕೋವಿಡ್. ನಾನು ಹೋಗೋಕೆ ಆಗ್ಲಿಲ್ಲ, ಮಗಳಿಗೆ ಆಗ ಎರಡು ವರ್ಷ, ವಾಟ್ಸಾಪ್ ವಿಡಿಯೋದಲ್ಲಿ ನೋಡಿದ್ದು, ಅದೂ ನೆಟ್‌ವರ್ಕ್ ಕಟ್ಟಾಗಿ ಕಟ್ಟಾಗಿ. ಅದಾದ್ಮೇಲೆ ಮೂರು ವರ್ಷ ನನಗೆ ಅಳುವೇ ಬರ್ಲಿಲ್ಲ. ಮಗಳು ಬಂದು ತಬ್ಬಿಕೊಂಡ್ರೂ ಮರದ ಕೊರಡಿನ ಥರ ನಿಂತಿರ್ತಿದ್ದೆ. ಥೆರಪಿ ಮಾಡಿಸ್ದೆ, ಮಾತ್ರೆ ತಗೊಂಡೆ, ಸ್ವಲ್ಪ ಅನುಕೂಲ ಆಯ್ತು, ಪೂರ್ತಿ ಇಲ್ಲ.

ಅವತ್ತು ಏನಾಯ್ತು ಅಂದ್ರೆ, ನೆಲದ ಮೇಲೆ ಹಾಸಿಗೆ, ಕಣ್ಣಿಗೆ ಪಟ್ಟಿ, ಪಕ್ಕದಲ್ಲಿ ಫೆಸಿಲಿಟೇಟರ್, ಅಂದ್ರೆ ನೋಡ್ಕೊಳ್ಳೋರು, ಒಬ್ಬರು ಸುಮ್ನೆ ಕೂತಿರ್ತಾರೆ. ಒಂದು ಗಂಟೆ ಹೊಟ್ಟೆ ತೊಳೆಸ್ತು, ಹೆದರಿಕೆ ಆಯ್ತು, ಎದ್ದು ಓಡಿಹೋಗಣ ಅನ್ನಿಸ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ನಶ್ಯದ ವಾಸನೆ. ಅಪ್ಪ ನಶ್ಯ ಹಾಕೋರು, ಅವರ ಪಂಚೆ ಸೊಂಟದಲ್ಲಿ ಡಬ್ಬಿ ಯಾವಾಗಲೂ ಇರೋದು. ಆ ವಾಸನೆ ಬಂದಿದ್ದೇ ತಡ, ನಾಲ್ಕು ಗಂಟೆ ಅತ್ತೆ. ಯಾರೂ ಸುಮ್ನಿರು ಅನ್ಲಿಲ್ಲ. ಸಾಯಂಕಾಲ ಯಜಮಾನ್ರು ಬಂದು ಕರ್ಕೊಂಡ್ ಹೋದ್ರು, ಮನೇಲಿ ಮೊಸರನ್ನ ತಿಂದು ಮಲಗಿದೆ. ಎರಡು ವಾರ ಮನಸ್ಸು ತುಂಬಾ ಹಸಿಹಸಿ ಇತ್ತು, ಯಾರು ಏನಂದ್ರೂ ಕಣ್ಣಲ್ಲಿ ನೀರು, ಅದನ್ನ ಯಾರೂ ಮೊದ್ಲೇ ಸರಿಯಾಗಿ ಹೇಳಿರ್ಲಿಲ್ಲ. ಆದ್ರೆ ಮಗಳು ತಬ್ಬಿಕೊಂಡ್ರೆ ಈಗ ಗೊತ್ತಾಗುತ್ತೆ.

ಎಲ್ಲ ಸೇರಿ 1,800 ಡಾಲರ್ ಆಯ್ತು, ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ. ನನಗೆ ಒಳ್ಳೇದಾಯ್ತು ಅಂದೆ, ಅಷ್ಟೇ. ಹಿಮದೂರಿನ_ಅಮ್ಮ, ನಿಮ್ಮ ಪರಿಸ್ಥಿತಿ ಬೇರೆ, ಎದೆಹಾಲಿನ ಮಗು ಇದೆ, ಪಾರ್ಕಿಂಗಲ್ಲಿ ಕೊಟ್ಟ ಬಾಟ್ಲಿ ಬೇರೆ. ನಾನಾಗಿದ್ರೆ ತಗೋತಿರ್ಲಿಲ್ಲ.

ಬೇ_ಏರಿಯಾ_ಬೆಳ್ಳಿ
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ನಾನು ಎಂಟು ತಿಂಗಳು ಮೈಕ್ರೋಡೋಸ್ ಮಾಡ್ದೆ, ಮಕ್ಕಳು ಆಗ 7 ಮತ್ತು 10, ಹಾಲು ಕುಡಿಸೋದೆಲ್ಲ ಎಂದೋ ಮುಗಿದಿತ್ತು. ನನಗೆ ಸಹಾಯ ಆಯ್ತು. ಬೆಳಗ್ಗೆ ಲಂಚ್ ಬಾಕ್ಸ್ ಕಟ್ಟುವಾಗ ಎದೆ ಹೊಡ್ಕೊಳ್ತಿದ್ದಿದ್ದು ನಿಂತೋಯ್ತು. ಇದೇ ಊರಲ್ಲಿ ಸಂಜೆ ಐದಕ್ಕೆ ಪ್ಲೇಡೇಟ್ ಹೆಸರಲ್ಲಿ ವೈನ್ ಬಾಟ್ಲಿ ತೆಗೀತಾರೆ, ಅದರ ಬಗ್ಗೆ ಯಾರೂ ಥ್ರೆಡ್ ಹಾಕಲ್ಲ. 1963ರಲ್ಲಿ ವ್ಯಾಲಿಯಂ ಅನ್ನೋ ಆತಂಕದ ಮಾತ್ರೆ ಬಂದಾಗ ಅಮೆರಿಕದ ಗೃಹಿಣಿಯರಿಗೆ ಡಾಕ್ಟರ್‌ಗಳೇ ಹೊರೆಗಟ್ಲೆ ಬರೆದುಕೊಟ್ರು, ಅದು ಚಟ ಹಿಡಿಸ್ತು. ಅಣಬೆ ಹಾಗೆ ಚಟ ಹಿಡಿಸಲ್ಲ. ಡೆನ್ವರ್‌ನಲ್ಲಂತೂ ಮಾಮ್ಸ್ ಆನ್ ಮಶ್ರೂಮ್ಸ್ ಅಂತ ದೊಡ್ಡ ಆನ್‌ಲೈನ್ ಗುಂಪೇ ಇದೆ, ಟ್ರೇಸಿ ಟೀ ಅನ್ನೋರು ಶುರು ಮಾಡಿದ್ದು. ಆ ಹೆಂಗಸರೆಲ್ಲ ದಾರಿ ತಪ್ಪಿದೋರಲ್ಲ.

ಓದುಗ_77
@ಬೆಳ್ಳಿ ನಿಮ್ಮ ಅನುಭವ ಸುಳ್ಳು ಅನ್ನಲ್ಲ. ಆದ್ರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ 191 ಜನರ ಮೇಲೆ ಒಂದು ಅಧ್ಯಯನ ಮಾಡಿದ್ರು, ಜನರೇ ಮನೇಲಿ ಕ್ಯಾಪ್ಸೂಲ್ ಮಾಡ್ಕೊಂಡು, ಯಾವುದರಲ್ಲಿ ಡೋಸ್ ಇದೆ ಯಾವುದು ಖಾಲಿ ಅಂತ ತಮಗೇ ಗೊತ್ತಾಗದ ಹಾಗೆ ಕವರ್‌ನಲ್ಲಿ ಹಾಕಿ ಕಲಸಿ ಇಟ್ಕೊಂಡು ತಗೊಂಡ್ರು. ಡೋಸ್ ತಗೊಂಡೋರಿಗೂ ಮನಸ್ಸು ಹಗುರ ಆಯ್ತು, ಖಾಲಿ ಕ್ಯಾಪ್ಸೂಲ್ ತಗೊಂಡೋರಿಗೂ ಹೆಚ್ಚು ಕಡಿಮೆ ಅಷ್ಟೇ ಹಗುರ ಆಯ್ತು.

ಬೇ_ಏರಿಯಾ_ಬೆಳ್ಳಿ
ಓದಿದೀನಿ ಅದನ್ನ. ಖಾಲಿ ಕ್ಯಾಪ್ಸೂಲಿಂದಲೂ ಹಗುರ ಆಗುತ್ತೆ ಅಂದ್ರೆ ಆಗ್ಲಿ ಬಿಡಿ, ಹಗುರ ಆಗೋದು ಮುಖ್ಯ ಅಲ್ವಾ?

ಓದುಗ_77
ಖಾಲಿ ಕ್ಯಾಪ್ಸೂಲಿಗೆ ಯಾರೂ ಜೈಲಿಗೆ ಹೋಗಲ್ಲ, ಮಗುವಿನ ಹಾಲಿಗೂ ಏನೂ ಸೇರಲ್ಲ, ವ್ಯತ್ಯಾಸ ಅಲ್ಲೇ ಇದೆ.

ರಾತ್ರಿಪಾಳಿ_ಡಾಕ್ಟ್ರು
ನಾನು ಮನೋವೈದ್ಯಕೀಯದಲ್ಲಿರೋದು, ಬೆಂಗಳೂರು. ಪಾಳಿ ಮುಗಿಸಿ ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ಮೊದಲನೇದು, ಮೈಕ್ರೋಡೋಸ್ ಬೇರೆ, ಆಸ್ಪತ್ರೆ ಟ್ರಯಲ್‌ಗಳಲ್ಲಿ ಕೊಡೋ ದೊಡ್ಡ ಡೋಸ್ ಬೇರೆ, ಇವೆರಡನ್ನ ಜನ ಕಲಸಿಬಿಡ್ತಾರೆ. ಮಾತ್ರೆಗೆ ಬಗ್ಗದ ಡಿಪ್ರೆಶನ್ ಇರೋ 233 ಜನರ ಮೇಲೆ ಮಾಡಿದ ಟ್ರಯಲ್ 2022ರಲ್ಲಿ ಬಂತು. 25 ಮಿಲಿಗ್ರಾಂ ಸಿಲೋಸಿಬಿನ್, ಅಂದ್ರೆ ಈ ಅಣಬೆಯಲ್ಲಿರೋ ನಶೆಯ ಅಂಶ, ಒಂದೇ ಸಲ ಕೊಟ್ಟಾಗ ಮೂರು ವಾರಕ್ಕೆ ಸುಮಾರು 37% ಜನಕ್ಕೆ ಚೆನ್ನಾಗಿ ಗುಣ ಕಾಣಿಸ್ತು, 1 ಮಿಲಿಗ್ರಾಂ ಗುಂಪಿನಲ್ಲಿ ಸುಮಾರು 18%. ಸಣ್ಣ ವಿಷಯ ಅಲ್ಲ ಇದು. ಆದ್ರೆ ಅದೇ ಟ್ರಯಲ್‌ನಲ್ಲಿ ಕೆಲವರಿಗೆ ಆತ್ಮಹತ್ಯೆ ಯೋಚನೆ ಬಂದಿದ್ದೂ ದಾಖಲಾಗಿದೆ. ಮತ್ತೆ ಗರ್ಭಿಣಿಯರು, ಹಾಲೂಡಿಸೋ ತಾಯಂದಿರು ಇಂಥ ಟ್ರಯಲ್‌ಗಳಲ್ಲಿ ಇರೋದೇ ಇಲ್ಲ, ಅವರನ್ನ ಹೊರಗಿಡ್ತಾರೆ. ಹಾಗಾಗಿ ಪಾಪುಗೆ ಎಷ್ಟು ಹೋಗುತ್ತೆ, ಏನಾಗುತ್ತೆ ಅಂತ ಅಳೆದ ಲೆಕ್ಕ ಯಾರ ಹತ್ರಾನೂ ಇಲ್ಲ. ಆ ಗೆಳತಿ "ಏನೂ ಆಗಲ್ಲ" ಅಂದಿದ್ರೆ ಅದು ಅವಳ ನಂಬಿಕೆ ಅಷ್ಟೇ.

ನಿಮ್ಮ ಕುಟುಂಬದಲ್ಲಿ ಯಾರಿಗಾದ್ರೂ ಬೈಪೋಲಾರ್, ಸ್ಕಿಜೋಫ್ರೇನಿಯಾ ಥರ ದೊಡ್ಡ ಮಾನಸಿಕ ಕಾಯಿಲೆ ಇದ್ಯಾ? ನಮ್ಮಲ್ಲಿ ಇದನ್ನ ಮುಚ್ಚಿಡ್ತಾರೆ, "ಚಿಕ್ಕಪ್ಪಂಗೆ ಸ್ವಲ್ಪ ತಲೆಬಿಸಿ" ಅಂದ್ಬಿಡ್ತಾರೆ. ಅಮ್ಮನ ಹತ್ರ ಬಾಯಿ ಬಿಟ್ಟು ಕೇಳಿ. ಅಂಥ ಹಿನ್ನೆಲೆ ಇರೋರಿಗೆ ಸೈಕೆಡೆಲಿಕ್, ಅಂದ್ರೆ ಅಣಬೆ ಥರ ಮನಸ್ಸಿನ ಗ್ರಹಿಕೆಯನ್ನೇ ಬದಲಿಸೋ ವಸ್ತು, ಕೊಡಲ್ಲ. ಈಗಾಗಲೇ ಮಾತ್ರೆ ತಗೋತಿರೋರು ಅಣಬೆ ಕೆಲಸ ಮಾಡ್ಲಿ ಅಂತ ಮಾತ್ರೆ ಬಿಡೋದಂತೂ ಬೇಡವೇ ಬೇಡ, ಅದರಿಂದ ಕುಸಿದುಬೀಳೋ ಅಪಾಯ ಇದೆ.

ಕೊನೇದು, ಬಾಣಂತಿ ಡಿಪ್ರೆಶನ್ ಇದ್ಯಾ ಅಂತ ನೋಡೋಕೆ ಎಡಿನ್‌ಬರೋ ಸ್ಕೇಲ್ ಅಂತ ಹತ್ತು ಪ್ರಶ್ನೆ ಇದೆ, 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಇವತ್ತೇ ಕೂತು ಟಿಕ್ ಹಾಕಿ. ಹತ್ತನೇದು ನಿಮಗೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದ್ಯಾ ಅನ್ನೋ ಪ್ರಶ್ನೆ, ಅದಕ್ಕೆ ಉತ್ತರ "ಯಾವತ್ತೂ ಇಲ್ಲ" ಅಲ್ದಿದ್ರೆ ಅದೇ ದಿನ ಡಾಕ್ಟರ್‌ಗೆ ಫೋನ್ ಮಾಡಿ. ಅಮೆರಿಕದಲ್ಲಿ ತಾಯಂದಿರಿಗೇ ಅಂತ 24 ಗಂಟೆ ಲೈನ್ ಇದೆ, 1-833-852-6262. ಇಲ್ಲಿ ಭಾರತದಲ್ಲಿ ಓದ್ತಿರೋರಿಗೆ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡ್ತಾರೆ.

ಕುಡ್ಲದ_ಕುಸುಮ
ಡಾಕ್ಟ್ರೇ, ಥೈರಾಯ್ಡ್ ಹೇಳ್ಲಿಕ್ಕೆ ಬಿಟ್ಟಿರಿ ಮಾರಾಯ್ರೆ. ನನಗೆ ಎರಡನೇ ಹೆರಿಗೆ ಆಗಿ ಏಳನೇ ತಿಂಗಳಲ್ಲಿ ಇದೇ ಕಥೆ, ಕೂದಲು ಉದುರುವುದು, ಎದೆ ಡವಡವ, ಅಳು. ಎಲ್ಲರೂ ಮನಸ್ಸಿನ ಕಾಯಿಲೆ ಅಂತ ಹೇಳಿದ್ದು, ನೋಡಿದ್ರೆ ಥೈರಾಯ್ಡ್ ಏರುಪೇರು ಉಂಟು. ಮಾತ್ರೆ ಕೊಟ್ಟು ಎರಡು ತಿಂಗಳಲ್ಲಿ ಮನುಷ್ಯಳಾದೆ.

ರಾತ್ರಿಪಾಳಿ_ಡಾಕ್ಟ್ರು
ನಿಜ, ಬಿಟ್ಟೋಗಿತ್ತು. ಥೈರಾಯ್ಡ್ ಜೊತೆಗೆ ಹಿಮೋಗ್ಲೋಬಿನ್ನು, ಕಬ್ಬಿಣದಂಶ ಎರಡೂ ನೋಡಿಸಿ.

ವೀಸಾ_ಪುರಾಣ
ಇಷ್ಟು ಹೊತ್ತು ಯಾರೂ ಇದನ್ನ ಹೇಳ್ಲಿಲ್ಲ ಅಂತ ಆಶ್ಚರ್ಯ ಆಗ್ತಿದೆ. ತಂಗಿ, ನೀವು ಯಾವ ಸ್ಟೇಟಸ್‌ನಲ್ಲಿದೀರ? ಎಚ್4, ಅಂದ್ರೆ ಯಜಮಾನ್ರ ಕೆಲಸದ ವೀಸಾ ಮೇಲಿನ ಅವಲಂಬಿತರ ವೀಸಾ, ಗ್ರೀನ್ ಕಾರ್ಡ್ ಕ್ಯೂ ಆಗಿದ್ರೆ ಸರಿಯಾಗಿ ಕೇಳಿಸ್ಕೊಳ್ಳಿ. ಕೊಲರಾಡೋದಲ್ಲಿ 2022ರ ಪ್ರೊಪೊಸಿಷನ್ 122 ಪ್ರಕಾರ 21 ದಾಟಿದೋರು ಬೆಳೆಯೋದು, ಇಟ್ಕೊಳ್ಳೋದು, ದುಡ್ಡಿಲ್ಲದೆ ಇನ್ನೊಬ್ಬರಿಗೆ ಕೊಡೋದು ರಾಜ್ಯದ ಕಾನೂನಲ್ಲಿ ತಪ್ಪಲ್ಲ, ಮಾರೋ ಹಾಗಿಲ್ಲ. ಆದ್ರೆ ಇಮಿಗ್ರೇಷನ್ ನಡೆಯೋದು ಫೆಡರಲ್ ಕಾನೂನಲ್ಲಿ. ಅಲ್ಲಿ ಸಿಲೋಸಿಬಿನ್ ಇವತ್ತಿಗೂ ಹೆರಾಯಿನ್ ಪಕ್ಕದಲ್ಲೇ ಷೆಡ್ಯೂಲ್ 1, ಅಂದ್ರೆ ಅತಿ ಕಟ್ಟುನಿಟ್ಟಿನ ಪಟ್ಟಿ. ಗ್ರೀನ್ ಕಾರ್ಡ್ ಫಾರಂನಲ್ಲಿ ನೇರವಾಗಿ ಕೇಳ್ತಾರೆ, ಯಾವತ್ತಾದ್ರೂ ಡ್ರಗ್ ಕಾನೂನು ಮುರಿದಿದೀರಾ ಅಂತ. ಕೇಸ್ ಆಗಿರ್ಬೇಕು ಅಂತೇನಿಲ್ಲ, ಬಾಯಲ್ಲಿ ಒಪ್ಪಿಕೊಂಡ್ರೂ ಸಾಕು ತೊಂದ್ರೆಗೆ. ಮೆಡಿಕಲ್ ಚೆಕಪ್‌ನಲ್ಲೂ ಡ್ರಗ್ಸ್ ಬಗ್ಗೆ ಕೇಳ್ತಾರೆ. ನಿಮ್ಮ ಸ್ವಿಮ್ಮಿಂಗ್ ಕ್ಲಾಸ್ ಗೆಳತಿ ಸಿಟಿಜನ್, ಅವಳಿಗೆ ಏನೂ ಆಗಲ್ಲ. ನಿಮಗೆ ಹನ್ನೆರಡು ವರ್ಷದ ಕ್ಯೂ ಒಂದು ಬಾಟ್ಲಿಯಲ್ಲಿ ಹೋಗ್ಬಹುದು.

ಹಿಮದೂರಿನ_ಅಮ್ಮ
ಎಚ್4. ಕ್ಯೂನಲ್ಲಿದೀವಿ. ಅಯ್ಯೋ, ಇದು ತಲೆಗೇ ಹೊಳೆದಿರ್ಲಿಲ್ಲ. ಇಲ್ಲಿ ಎಲ್ಲರೂ ಕಾಫಿ ಪುಡಿ ಬಗ್ಗೆ ಮಾತಾಡೋ ಹಾಗೆ ಮಾತಾಡ್ತಾರೆ, ಹಾಗಾಗಿ ನನಗೂ ಮಾಮೂಲಿ ಅನ್ನಿಸಿಬಿಟ್ಟಿತ್ತು.

ಮಳೆಗಾಲ_ತೀರ್ಥಹಳ್ಳಿ
ಕಾನೂನು ಒಂದ್ಕಡೆ ಇರ್ಲಿ, ಅಣಬೆ ಬಗ್ಗೆ ನನ್ನದೊಂದು ಮಾತು. ನಾವು ಮಲೆನಾಡಿನೋರು, ಗುಡುಗು ಸಿಡಿಲು ಬಂದ ಮಾರನೇ ದಿನ ಹುತ್ತದ ಹತ್ರ ಅಣಬೆ ಹುಡುಕ್ಕೊಂಡು ಹೋಗೋರು. ಹಾಗಂತ ಕಂಡಿದ್ದೆಲ್ಲ ಕೀಳ್ತಿರ್ಲಿಲ್ಲ, ಅಜ್ಜಿ ಒಂದೊಂದೇ ತಿರುಗಿಸಿ, ಬುಡ ನೋಡಿ, ಮೂಸಿ, ಅನುಮಾನ ಬಂದ್ರೆ ಬುಟ್ಟಿ ಪೂರ್ತಿ ಗೊಬ್ಬರದ ಗುಂಡಿಗೆ ಹಾಕೋರು. ಸಗಣಿ ಮೇಲೆ ಏಳೋದನ್ನಂತೂ ಮುಟ್ಟಕ್ಕೂ ಬಿಡ್ತಿರ್ಲಿಲ್ಲ. ಈಗ ನೋಡಿದ್ರೆ ಈ ಮ್ಯಾಜಿಕ್ ಅಣಬೆ ಜಾತಿಯಲ್ಲಿ ಹೆಸರಾದದ್ದು, ಕ್ಯೂಬೆನ್ಸಿಸ್ ಅಂತಾರಲ್ಲ, ಅದು ಏಳೋದೇ ಸಗಣಿ ಮೇಲೆ.

ನಾನು ಹೇಳೋಕೆ ಹೊರಟಿದ್ದು, ಅಣಬೆ ಇಡಿಯಾಗಿದ್ರೆ ನೋಡಿ ಗುರುತು ಹಿಡಿಬಹುದು. ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ಮೇಲೆ ಅದು ಏನು ಅಂತ ಯಾರು ಹೇಳ್ತಾರೆ? 2024ರಲ್ಲಿ ಅಮೆರಿಕದಲ್ಲಿ ಅಂಗಡಿಯಲ್ಲೇ ಮಾರ್ತಿದ್ದ ಒಂದು ಮಶ್ರೂಮ್ ಚಾಕೊಲೇಟ್ ತಿಂದು ನೂರಕ್ಕೂ ಹೆಚ್ಚು ಜನ ಹುಷಾರು ತಪ್ಪಿದ್ರು, ಕೊನೆಗೆ ಅಲ್ಲಿನ ಔಷಧ ಆಹಾರ ನಿಯಂತ್ರಕರು, ಎಫ್‌ಡಿಎ, ಎಚ್ಚರಿಕೆ ಕೊಟ್ಮೇಲೆ ಕಂಪನಿ ಅದನ್ನ ಮಾರುಕಟ್ಟೆಯಿಂದ ವಾಪಸ್ ತರಿಸ್ತು. ಮನೇಲಿ ಬೆಳೆದ ಅಣಬೇಲಿ ಒಂದಕ್ಕಿಂತ ಒಂದರ ಶಕ್ತಿ ಬೇರೆ, ಅದೂ ಅಲ್ದೆ.

ಇನ್ನೊಂದು, ನಾಲ್ಕು ವರ್ಷದ ಮಗು ಇರೋ ಮನೇಲಿ ಸಾಸಿವೆ ಡಬ್ಬಿ ಹಿಂದೆ ಇಡ್ಬೇಡಿ. ಅಡುಗೆಮನೆ ಕಟ್ಟೆ ಹತ್ತೋದು ಅವರಿಗೆ ಎಷ್ಟು ಹೊತ್ತಿನ ಕೆಲಸ.

ಹಿಮದೂರಿನ_ಅಮ್ಮ
ಈಗ್ಲೇ ಎತ್ತಿ ಲಾಕ್ ಇರೋ ಸೂಟ್‌ಕೇಸ್ ಒಳಗಿಟ್ಟೆ. ಥ್ಯಾಂಕ್ಸ್.

ಸುರಪುರದ_ಸಿದ್ದು
ನಮ್ಮ ಕಡೆ ತಿಂಥಣಿ ಮೌನೇಶ್ವರ ಜಾತ್ರಿಯೊಳಗ ಭಂಗಿ ಪ್ರಸಾದ ಕೊಡತಾರ. ಶರಣರು, ಅವಧೂತರು ಧ್ಯಾನಕ್ಕ ಸೇದತಾರ. ದೊಡ್ಡವರು ಎದುರಿಗೆ ಇರತಾರ, ಲೆಕ್ಕ ಇರತದ. ಮನಸ್ಸಿನ ಔಷಧ ಅಂತ ಹಿಂದಿನಿಂದ ನಡಕೊಂಡು ಬಂದದ್ದೇ, ಪರದೇಶದವರು ಏನೂ ಹೊಸದಾಗಿ ಕಂಡು ಹಿಡದಿಲ್ಲ.

ಓದುಗ_77
ಅಣ್ಣ ಅದು ಗಾಂಜಾ. ಇದು ಅಣಬೆ. ಮಿದುಳಲ್ಲಿ ಕೆಲಸ ಮಾಡೋ ರೀತಿಯೇ ಬೇರೆ.

ಸುರಪುರದ_ಸಿದ್ದು
ಬ್ಯಾರೆ ಇರಬಹುದು. ನಾ ಹೇಳಿದ್ದು ಕೂಡಿ ಕುಂದರೋದರ ಬಗ್ಗೆ. ಗುರು ಇಲ್ಲದ ಒಬ್ಬೊಬ್ಬರೇ ತಗೊಳ್ಳೋದು ನಮ್ಮಲ್ಲೂ ಕೆಟ್ಟದ್ದೇ.

ಜಯನಗರ_4ನೇ_ಬ್ಲಾಕ್
ಸಿದ್ದು ಅವರೇ, ಆ ಜಾತ್ರೆಯಲ್ಲಿ ಹೆಂಗಸರಿಗೆ ಕೊಡ್ತಾರಾ?

ಎರಡ್_ಜಡೆ
ಹೆಂಗಸರಿಗೆ ಅಂತ ಬಂದ ಕೂಡ್ಲೇ ಪ್ರಶ್ನೆ ಕೇಳೋರೆಲ್ಲ ಎದ್ದು ಬರ್ತಾರೆ 🙏 ಗಂಡಸರು ಕುಡಿದು ಬಂದು ಬಿದ್ರೆ ಯಾರೂ ಕೇಳಲ್ಲ.

ಒರೆಗಾನ್_ಒಗ್ಗರಣೆ
ಅಣಬೆ ವಿಷಯದಲ್ಲಿ ಗುರು ಒಬ್ಬ ಹೆಂಗಸೇ. ಮರಿಯಾ ಸಬೀನಾ, ಮೆಕ್ಸಿಕೋದ ಓಹಾಕಾ ಬೆಟ್ಟದ ಮೇಲಿನ ಊರು ಊವಾಟ್ಲಾ, ಮಸಾಟೆಕ್ ಬುಡಕಟ್ಟು. ರೋಗಿಗಳನ್ನ ಕೂರಿಸ್ಕೊಂಡು ರಾತ್ರಿಯೆಲ್ಲ ಹಾಡಿ ಅಣಬೆ ಕೊಡ್ತಿದ್ರು. 1955ರಲ್ಲಿ ವಾಸನ್ ಅನ್ನೋ ನ್ಯೂಯಾರ್ಕ್ ಬ್ಯಾಂಕಿನವನು ಬಂದು ಆ ಪೂಜೇಲಿ ಕೂತ, 1957ರಲ್ಲಿ ಲೈಫ್ ಪತ್ರಿಕೇಲಿ ಬರೆದ. ಆಮೇಲೆ ಹಿಪ್ಪಿಗಳು ದಂಡು ದಂಡಾಗಿ ಬಂದ್ರು, ಪೊಲೀಸರು ಬಂದ್ರು, ಊರವರು ಅವಳ ಮೇಲೇ ತಿರುಗಿ ಬಿದ್ರು, ಮನೆ ಸುಟ್ರು. 1985ರಲ್ಲಿ ಬಡತನದಲ್ಲೇ ಸತ್ತಳು. ಅವಳ ಜನ ಕಾಯಿಲೆ ಬಿದ್ದೋರಿಗೆ ಅಂತ ತಗೋತಿದ್ದ ಅಣಬೆ ಇವತ್ತು ಇಲ್ಲಿ ಸಾವಿರಾರು ಡಾಲರ್ ಪ್ಯಾಕೇಜ್. ನಾನೂ ಆ ಪ್ಯಾಕೇಜ್ ಕೊಂಡವಳೇ, ಅವಳ ಕಥೆ ಓದಿದ್ದು ಆಮೇಲೆ, ಮೊದ್ಲೇ ಓದ್ಬೇಕಿತ್ತು ಅಂತ ನೋವಿದೆ.

ಅಜ್ಜಿಮನೆ_ಮೈಸೂರು
ನನಗೆ 68 ವರ್ಷ. ಮೊಮ್ಮಗಳು ಈ ಪುಟ ತೆಗೆದುಕೊಟ್ಟಳು, ಎಲ್ಲ ಓದಿದೆ. ಮಗು, ನಿನಗೊಂದು ವಿಷಯ ಹೇಳಬೇಕು.

ನಮ್ಮ ಕಾಲದಲ್ಲಿ ಬಾಣಂತಿ ಸನ್ನಿ ಅಂತಿದ್ದರು. ನನ್ನ ನಾದಿನಿಗೆ ಆಯಿತು, 1981ರಲ್ಲಿ. ಹೆರಿಗೆಯಾದ ಹತ್ತನೇ ದಿನ ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತಿದ್ದಳು, ನಾನೇ ಕೈಹಿಡಿದು ಕರಕೊಂಡು ಬಂದೆ. ಮನೆಯವರು ನೀರು ತಾಗಿತು, ಶೀತ ಏರಿತು ಅಂದರು, ಮಂತ್ರ ಹಾಕಿಸಿದರು. ಒಂದು ತಿಂಗಳು ಕೋಣೆಯಲ್ಲಿ ಚಿಲಕ ಹಾಕಿಟ್ಟಿದ್ದರು. ಆಮೇಲೆ ಯಾರೋ ಪುಣ್ಯಾತ್ಮರು ಹೇಳಿ ಬೆಂಗಳೂರಿಗೆ ಕರಕೊಂಡು ಹೋದರು, ಮಾತ್ರೆ ಕೊಟ್ಟರು, ಗುಣವಾದಳು. ಅವಳು ಇವತ್ತಿಗೂ ಆ ಒಂದು ತಿಂಗಳ ಬಗ್ಗೆ ಮಾತಾಡುವುದಿಲ್ಲ.

ಅವಳಿಗೆ ಆಗ ಯಾರಾದರೂ ಇಂಥ ಪುಡಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿದರೆ ಕೈ ನಡುಗುತ್ತದೆ. ನಿನಗೆ ಆಗಿರುವುದು ಅದು ಅಂತ ನಾನು ಹೇಳುತ್ತಿಲ್ಲ. ಆದರೆ ಬಾಣಂತಿ ಮನಸ್ಸು ಹಸಿ ಗೋಡೆ ಇದ್ದ ಹಾಗೆ, ಯಾರು ಕೈಯಿಟ್ಟರೂ ಗುರುತು ಉಳಿಯುತ್ತದೆ.

ರಾತ್ರಿಪಾಳಿ_ಡಾಕ್ಟ್ರು
ಅಜ್ಜಿ, ನೀವು ಹೇಳಿದ್ದು ಅಕ್ಷರಶಃ ಸರಿ. ಸಾವಿರ ಹೆರಿಗೆಗೆ ಒಂದೋ ಎರಡೋ ಹೀಗಾಗುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಅದು ತುರ್ತು ಚಿಕಿತ್ಸೆಯ ವಿಷಯ. ಈಗ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸ್ಕೊಳ್ಳೋ ವಾರ್ಡ್ ಇದೆ, 2009ರಿಂದ. ಮಗುವಿನಿಂದ ತಾಯಿನ ಬೇರೆ ಮಾಡದೇ ಚಿಕಿತ್ಸೆ ಕೊಡ್ತಾರೆ.

ಆಫೀಸ್_ಅಪ್ಪ
ಗಂಡಸಿನ ಕಡೆಯಿಂದ ಒಂದು ಮಾತು. ನನ್ನ ಹೆಂಡತಿಯೂ ಹೀಗೇ ಗರಾಜ್‌ನಲ್ಲಿ ಕೂತಿರ್ತಿದ್ಲು, ನಾನು ಫೋನ್ ನೋಡ್ತಿದಾಳೆ ಅಂದ್ಕೊಂಡಿದ್ದೆ. ಒಂದೂವರೆ ವರ್ಷ ಹಾಗೆ ಅಂದ್ಕೊಂಡೇ ಇದ್ದೆ. ನಿಮ್ಮ ಯಜಮಾನ್ರಿಗೆ ಹೇಳಿ. ಬಾಟ್ಲಿ ವಿಷಯ ಆಮೇಲೆ ಹೇಳಿದ್ರೂ ಪರವಾಗಿಲ್ಲ, ಗರಾಜ್ ವಿಷಯ ಇವತ್ತೇ ಹೇಳಿ. ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡೋ ದೊಡ್ಡ ಡಾಕ್ಟರ್, ಆಗಿದ್ದಾಗ 2024ರಲ್ಲಿ ಅಪ್ಪ ಅಮ್ಮಂದಿರ ಒತ್ತಡದ ಬಗ್ಗೇನೇ ಒಂದು ಎಚ್ಚರಿಕೆ ಹೊರಡಿಸಿದ್ರು, ಅದರಲ್ಲಿ 48% ಪೋಷಕರು ಹೆಚ್ಚಿನ ದಿನಗಳಲ್ಲಿ ಒತ್ತಡ ತಡ್ಕೊಳ್ಳೋಕೆ ಆಗ್ತಿಲ್ಲ ಅಂದಿದ್ರು. ಅದನ್ನ ನಾನು ಓದಿದ್ದೂ ಹೆಂಡತಿ ಫಾರ್ವರ್ಡ್ ಮಾಡಿದ್ಮೇಲೆ. ಅವಳು ಬೇರೆ ಥರ ಹೇಳೋಕೆ ಆಗ್ದೆ ಫಾರ್ವರ್ಡ್ ಮಾಡಿದ್ಲು.

ಬೇ_ಏರಿಯಾ_ಬೆಳ್ಳಿ
ಅಜ್ಜಿ ಬರೆದಿದ್ದು ಓದಿ ಅತ್ತೆ. ನಾನು ನನ್ನ ಮಾತು ವಾಪಸ್ ತಗೋತಿಲ್ಲ, ನನಗೆ ಅದು ನೆರವಾಯ್ತು, ದೊಡ್ಡ ಮಕ್ಕಳಿರೋ, ಹಾಲು ಬಿಡಿಸಿರೋ ಹೆಂಗಸು ತಿಳ್ಕೊಂಡು ತೀರ್ಮಾನ ಮಾಡೋದಕ್ಕೆ ಅವಳನ್ನ ಕೆಟ್ಟವಳು ಅನ್ಬೇಡಿ. ಆದ್ರೆ ಒಂಬತ್ತು ತಿಂಗಳ ಮಗು ಇರೋಳಿಗೆ ನಾನು ಹಾಗೆ ಉತ್ಸಾಹದಲ್ಲಿ ಬರೀಬಾರದಿತ್ತು. ಬಾಣಂತಿ ಡಿಪ್ರೆಶನ್‌ಗೇ ಅಂತ ಬಂದಿರೋ ಮಾತ್ರೆ ಇದೆ ಅಂತ ಕೇಳಿದೀನಿ, ಡಾಕ್ಟ್ರು ಹೇಳ್ಬಹುದಾ?

ರಾತ್ರಿಪಾಳಿ_ಡಾಕ್ಟ್ರು
ಜುರಾನೊಲೋನ್. 2023ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು, ದಿನಕ್ಕೊಂದು ಸಲ ಸಂಜೆ, 14 ದಿನ ಅಷ್ಟೇ. ತಗೊಂಡ ಹನ್ನೆರಡು ಗಂಟೆ ಕಾರ್ ಓಡಿಸೋ ಹಾಗಿಲ್ಲ, ತೂಕಡಿಕೆ ತುಂಬ. ಹಾಲು ಕುಡಿಸೋ ವಿಷಯ ಡಾಕ್ಟರ್ ಹತ್ರ ಕೂತು ಮಾತಾಡ್ಬೇಕು. ಹಳೇದು ಸರ್ಟ್ರಾಲಿನ್ ಇದೆ, ಹಾಲಿಗೆ ತೀರ ಕಡಿಮೆ ಹೋಗುತ್ತೆ, ಹಾಲೂಡಿಸೋರಿಗೆ ಎಷ್ಟೋ ವರ್ಷದಿಂದ ಕೊಡ್ತಿದೀವಿ. ಸೈಕೆಡೆಲಿಕ್ ಜಾತಿಯದ್ದೇ ಆರ್‌ಇ104 ಅನ್ನೋ ಇಂಜೆಕ್ಷನ್ನನ್ನ ಬಾಣಂತಿ ಡಿಪ್ರೆಶನ್‌ಗೆ ಅಂತಲೇ ಅಮೆರಿಕದಲ್ಲಿ ಟ್ರಯಲ್ ಮಾಡಿದಾರೆ. ಹಾಗಾಗಿ ಈ ದಾರಿ ಮುಚ್ಚಿದೆ ಅಂತ ನಾನು ಹೇಳಲ್ಲ. ಬಾಗಿಲಲ್ಲಿ ಡಾಕ್ಟರ್ ನಿಂತಿರ್ಬೇಕು ಅಂತೀನಿ.

ಹುಬ್ಬಳ್ಯಾಕಿ
ತಂಗಿ ಎಲ್ಲಿ ಹೋದ್ಲು? ಮೂರ್ ದಿನ ಆತು ಸುದ್ದಿ ಇಲ್ಲ.

ಎರಡ್_ಜಡೆ
ನಾನೂ ದಿನಾ ಬಂದು ನೋಡ್ತಿದೀನಿ.

ಹಿಮದೂರಿನ_ಅಮ್ಮ
ಇದೀನಿ, ಇದೀನಿ. ಪಾಪುಗೆ ಜ್ವರ ಇತ್ತು.

ಶುಕ್ರವಾರ ರಾತ್ರಿ ಇವರಿಗೆ ಹೇಳ್ದೆ. ಹೇಗೆ ಶುರು ಮಾಡ್ಬೇಕು ಅಂತ ಗೊತ್ತಾಗ್ದೆ ಈ ಥ್ರೆಡ್ ತೆಗೆದು ಫೋನೇ ಕೈಗೆ ಕೊಟ್ಬಿಟ್ಟೆ. ಅಡುಗೆಮನೇಲಿ ನಿಂತ್ಕೊಂಡೇ ಪೂರ್ತಿ ಓದಿದ್ರು, ಕುಕ್ಕರ್ ಐದಾರು ಸಲ ಕೂಗ್ತು, ಇಬ್ಬರೂ ಆಫ್ ಮಾಡ್ಲಿಲ್ಲ, ಬೇಳೆ ತಳ ಹಿಡೀತು. ಆಫೀಸ್_ಅಪ್ಪ ಬರೆದಿದ್ದನ್ನ ಎರಡು ಸಲ ಓದಿದ್ರು ಅನ್ಸುತ್ತೆ. ಏನೂ ಮಾತಾಡ್ಲಿಲ್ಲ, ಪಾಪುನ ಎತ್ಕೊಂಡು ಮೇಲೆ ಹೋದ್ರು. ಅವತ್ತು ರಾತ್ರಿ ಎರಡು ಗಂಟೆ ಫೀಡಿಂಗ್‌ಗೆ ಅವರೇ ಎದ್ದು ಹಾಲಿನ ಬಾಟ್ಲಿ ಕೊಟ್ರು, ನಾನು ಐದು ಗಂಟೆ ಒಂದೇ ಸಮ ನಿದ್ದೆ ಮಾಡ್ದೆ, ಎಷ್ಟು ತಿಂಗಳಾಗಿತ್ತೋ.

ಡಾಕ್ಟ್ರು ಹೇಳಿದ ಹತ್ತು ಪ್ರಶ್ನೆ ಮಾಡ್ದೆ, 30ಕ್ಕೆ 16 ಬಂತು. ಹತ್ತನೇದಕ್ಕೆ ಸೊನ್ನೆ, ಅದು ಓದುವಾಗ ಮಾತ್ರ ಕೈ ಸ್ವಲ್ಪ ನಡುಗ್ತು. ಆ ನಂಬರ್‌ಗೆ ಫೋನ್ ಮಾಡಿದ್ದೆ, ಒಬ್ಬರು ಮುಕ್ಕಾಲು ಗಂಟೆ ಮಾತಾಡಿದ್ರು. ನಿನ್ನೆ ಡಾಕ್ಟರ್ ಹತ್ರ ಹೋಗಿ ರಕ್ತ ಕೊಟ್ಟು ಬಂದಿದೀನಿ, ಥೈರಾಯ್ಡ್ ರಿಪೋರ್ಟ್ ಸೋಮವಾರ. ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ಮೊದ್ಲು ಯಾರಿಗೂ ಏನೂ ಇಲ್ಲ ಅಂದ್ರು, ಹತ್ತು ನಿಮಿಷ ಬಿಟ್ಟು ಅವರೇ ವಾಪಸ್ ಫೋನ್ ಮಾಡಿ ದೊಡ್ಡಮ್ಮನ ಹೆಸರು ಹೇಳಿದ್ರು. ನನಗೆ ಮೂವತ್ತಮೂರು ವರ್ಷ, ಇವತ್ತಿನವರೆಗೂ ಗೊತ್ತಿರ್ಲಿಲ್ಲ.

ಬಾಟ್ಲಿನ ಅವಳಿಗೇ ವಾಪಸ್ ಕೊಟ್ಟೆ, ಹಾಗೆ ಕೊಡೋದು ಸರಿನೋ ಅಲ್ವೋ, ಕೊಟ್ಬಿಟ್ಟೆ. ಅವಳಿಗೆ ಬೇಜಾರಾಗುತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಮಂಗಳವಾರ ದೊಡ್ಡವನನ್ನ ಅವಳೇ ಕರ್ಕೊಂಡ್ ಹೋಗಿ ಸ್ವಿಮ್ಮಿಂಗ್ ಮುಗಿಸಿ ಬಿಡ್ತೀನಿ ಅಂದಿದಾಳೆ.

ಹುಬ್ಬಳ್ಯಾಕಿ
ಛಲೋ ಆತು ಬಿಡು. ಈಗ ಆಕಿ ಮನಿಗೆ ಒಂದ್ ಡಬ್ಬಿ ಅಂಟಿನುಂಡಿ ಕೊಟ್ಟು ಬಾ. ಮತ್ತ ಸೋಮವಾರ ರಿಪೋರ್ಟ್ ಬಂದ ಕೂಡ್ಲೆ ಇಲ್ಲಿ ಹಾಕು, ಕಾಯ್ತಿರತೀವಿ.

ಕುಡ್ಲದ_ಕುಸುಮ
ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಮಾತ್ರ ಅಲ್ಲ, ಟಿ4 ಕೂಡ ಬರೆದಿದ್ದಾರಾ ಅಂತ ಒಮ್ಮೆ ಚೀಟಿ ನೋಡಿ ಆಯ್ತಾ.

ಹಿಮದೂರಿನ_ಅಮ್ಮ
ನೋಡ್ದೆ, ಎರಡೂ ಇದೆ.